ಹಾಸಿಗೆ ಎಲ್ಲಿ ತಗ್ಗಬೇಕು, ಎಲ್ಲಿ ತಡೆಯಬೇಕು

ಎಲ್ಲರಿಗೂ ನಮಸ್ಕಾರ. ಶುರುವಿಗೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಬೆಳಿಗ್ಗೆ ಏಳುವಾಗ ಸೊಂಟವೋ ಹೆಗಲೋ ಕತ್ತೋ ಹಿಡಿದುಕೊಂಡಿರುತ್ತದೆ, ಅರ್ಧ ಗಂಟೆ ಓಡಾಡಿದ ಮೇಲೆ ತಾನಾಗಿಯೇ ಬಿಡುತ್ತದೆ ಅನ್ನುವವರು ಕೈ ಎತ್ತಿ. ಸರಿ, ಇಳಿಸಿ, ಎಣಿಸುವುದು ಬೇಡ, ಬಹಳ ಜನ ಇದ್ದೀರಿ. ಈಗ ಎರಡನೆಯದು. ನೀವು ಮಲಗುವ ಹಾಸಿಗೆಯನ್ನು ಕೊಳ್ಳುವ ಮುಂಚೆ ಅದರ ಮೇಲೆ ಹತ್ತು ನಿಮಿಷ ಮಲಗಿ ನೋಡಿದವರು ಯಾರು? ಮೂರು ಕೈ. ಅದರಲ್ಲಿ ಒಂದು ಅರ್ಧಕ್ಕೇ ನಿಂತಿದೆ. ಚಪ್ಪಲಿ ಕೊಳ್ಳುವಾಗ ನಾಲ್ಕು ಹೆಜ್ಜೆ ನಡೆದು ನೋಡುವ ನಾವು, ಆಯುಷ್ಯದ ಮೂರನೇ ಒಂದು ಭಾಗ ಮೈ ಚೆಲ್ಲುವ ವಸ್ತುವನ್ನು ಅಂಗೈಯಲ್ಲಿ ಎರಡು ಸಲ ಒತ್ತಿ ನೋಡಿ ಮನೆಗೆ ತರುತ್ತೇವೆ.

ನಾನು ಫಿಸಿಯೋಥೆರಪಿಸ್ಟ್. ಹಾಸಿಗೆ ಮಾರುವವನಲ್ಲ, ಮಾರುವವರ ಪರವಾಗಿ ಬಂದವನೂ ಅಲ್ಲ. ಬೆನ್ನುನೋವು ಅಂತ ಬರುವವರಲ್ಲಿ ಹೆಚ್ಚಿನವರು ಎದ್ದು ಹೋಗುವ ಮುಂಚೆ ಕೇಳುವ ಕೊನೆಯ ಪ್ರಶ್ನೆ ಒಂದೇ: "ಯಾವ ಹಾಸಿಗೆ ತಗೊಳ್ಳಲಿ?" ಆ ಪ್ರಶ್ನೆಗೆ ನಾನು ಬಹಳ ವರ್ಷ ತಪ್ಪು ಉತ್ತರ ಕೊಟ್ಟಿದ್ದೇನೆ. ಆ ಪಾಪವನ್ನು ಕಳೆದುಕೊಳ್ಳುವುದಕ್ಕೆ ಇವತ್ತಿನ ಮಾತು ಅಂತ ಬೇಕಾದರೆ ಅಂದುಕೊಳ್ಳಿ.

ನಮ್ಮ ಭಾಷೆಯನ್ನೇ ನೋಡಿ. ಸುಖವಾಗಿರುವವರನ್ನು ಸುಪ್ಪತ್ತಿಗೆಯಲ್ಲಿ ಬೆಳೆದವರು ಅನ್ನುತ್ತೇವೆ. ಕಥೆಗಳ ರಾಜಕುಮಾರಿ ಮಲಗುವುದು ಹಂಸತೂಲಿಕಾತಲ್ಪದ ಮೇಲೆ. ಬದುಕು ಹಗುರವಾಗಿದ್ದರೆ ಹೂವಿನ ಹಾಸಿಗೆ, ಕಷ್ಟವಾದರೆ ಮುಳ್ಳಿನ ಹಾಸಿಗೆ. ಅಂದರೆ ಸುಖ ಎಂದರೆ ಮೆತ್ತಗಿರುವುದು ಎಂದು ಭಾಷೆ ತೀರ್ಮಾನಿಸಿಬಿಟ್ಟಿದೆ. ಆಮೇಲೆ ಬಂದ ವೈದ್ಯರು ಇದನ್ನು ತಲೆಕೆಳಗು ಮಾಡಿದರು. ಬೆನ್ನುನೋವೇ, ಹಲಗೆಯ ಮೇಲೆ ಮಲಗಿ, ಗಟ್ಟಿಯಾದಷ್ಟೂ ಒಳ್ಳೆಯದು. ಇದಕ್ಕೆ ಕಾರಣವೂ ಇತ್ತು ಅನ್ನಿ. ನಡುಭಾಗ ಜೋತುಬಿದ್ದ ಸ್ಪ್ರಿಂಗಿನ ಮಂಚ, ವರ್ಷಗಟ್ಟಲೆ ಹಿಂಜಿಸದೆ ಗುಂಡಿ ಬಿದ್ದ ಹತ್ತಿಯ ಹಾಸಿಗೆ, ಇವುಗಳ ಮುಂದೆ ಬರೀ ಹಲಗೆಯೂ ವಾಸಿಯೇ. ಆದರೆ ಗುಂಡಿಗಿಂತ ಹಲಗೆ ವಾಸಿ ಎಂದರೆ ಹಲಗೆಯೇ ಶ್ರೇಷ್ಠ ಎಂದು ಅರ್ಥವಲ್ಲ.

ನಾನು ಕಲಿತದ್ದೂ ಅದೇ ಪಾಠ. ನನಗೇ ಸೊಂಟ ಹಿಡಿದಾಗ ಅಂಗಡಿಯಲ್ಲಿ ಸಿಕ್ಕ ಅತಿ ಗಟ್ಟಿ ಹಾಸಿಗೆಯನ್ನು ತಂದೆ. ಮೇಲೆ 'ಆರ್ಥೋಪೆಡಿಕ್' ಅಂತ ದೊಡ್ಡ ಅಕ್ಷರದ ಪಟ್ಟಿ. ನನಗೆ ಪರವಾಗಿಲ್ಲ ಅನ್ನಿಸಿತು, ಏಕೆಂದರೆ ನಾನು ಅಂಗಾತ ಮಲಗುವವನು. ನನ್ನ ಹೆಂಡತಿ ಮಗ್ಗುಲಾಗಿ ಮಲಗುವವಳು, ತೂಕದಲ್ಲಿ ನನಗಿಂತ ಇಪ್ಪತ್ತು ಕಿಲೋ ಕಡಿಮೆ. ಎರಡು ವಾರಕ್ಕೆ ಅವಳ ಹೆಗಲು ನೋಯತೊಡಗಿತು, ತೋಳು ಜೋಮು ಹಿಡಿಯುತ್ತದೆ ಅಂದಳು. ನಾನು ಏನು ಮಾಡಿದೆ ಗೊತ್ತೇ? ಹೆಗಲಿಗೆ ವ್ಯಾಯಾಮ ಹೇಳಿಕೊಟ್ಟೆ. ಮೂರು ತಿಂಗಳು ಮಾಡಿಸಿದೆ. ಅವಳು ಒಂದು ವಾರ ಬೇರೆ ಊರಿಗೆ ಹೋಗಿ ಸಾಧಾರಣ ಹಾಸಿಗೆಯ ಮೇಲೆ ಮಲಗಿ ಬಂದು, "ಅಲ್ಲಿ ನೋವೇ ಇರಲಿಲ್ಲ" ಅಂದಾಗ ನನ್ನ ತಲೆಗೆ ಹೊಳೆಯಿತು. ಮನೆಯಲ್ಲೇ ಇದ್ದ ರೋಗಿಯ ಹಾಸಿಗೆಯನ್ನು ನಾನು ನೋಡಿರಲಿಲ್ಲ.

ಗಟ್ಟಿ ಹಾಸಿಗೆಯ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದವರಿದ್ದಾರೆ. ಸ್ಪೇನಿನ ಫ್ರಾನ್ಸಿಸ್ಕೊ ಕೊವಾಕ್ಸ್ ಮತ್ತು ಸಂಗಡಿಗರು ಬಹಳ ಕಾಲದಿಂದ ಸೊಂಟನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ ಹಾಸಿಗೆ, ಕೆಲವರಿಗೆ ನಡುಹದದ ಹಾಸಿಗೆ ಕೊಟ್ಟರು. ಯಾರಿಗೆ ಯಾವುದು ಎಂಬುದು ಮಲಗುವವರಿಗೂ ಗೊತ್ತಿಲ್ಲ, ನೋವನ್ನು ಅಳೆಯುವವರಿಗೂ ಗೊತ್ತಿಲ್ಲ. 90 ದಿನದ ಮೇಲೆ ನೋಡಿದರೆ, ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕೆ ಆಗುವ ಅಡ್ಡಿ, ಮೂರರಲ್ಲೂ ನಡುಹದದವರೇ ಹೆಚ್ಚು ಸುಧಾರಿಸಿದ್ದರು. 2003ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಇದರಲ್ಲೊಂದು ಸ್ವಾರಸ್ಯವಿದೆ. ಅವರು ಬಳಸಿದ ಯುರೋಪಿನ ಅಳತೆಪಟ್ಟಿಯಲ್ಲಿ 1 ಎಂದರೆ ಅತಿ ಗಟ್ಟಿ, 10 ಎಂದರೆ ಅತಿ ಮೆತ್ತಗೆ. 'ಗಟ್ಟಿ' ಎಂದು ಕೊಟ್ಟ ಹಾಸಿಗೆ 2.3, 'ನಡುಗಟ್ಟಿ' ಎಂದು ಕೊಟ್ಟದ್ದು 5.6. ಪಟ್ಟಿಯ ಮಧ್ಯ, ಒಂದು ಕೂದಲಷ್ಟು ಮೆತ್ತನೆಯ ಕಡೆಗೇ! ಮಾರುವವರು ಜಾಹೀರಾತಿನಲ್ಲಿ ಬಳಸುವ ಪಟ್ಟಿ ಬಹಳ ಸಲ ಇದಕ್ಕೆ ಉಲ್ಟಾ, ಅಲ್ಲಿ 10 ಎಂದರೆ ಅತಿ ಗಟ್ಟಿ. ಒಂದು ಕಂಪನಿಯ 7 ಇನ್ನೊಂದರ 5 ಆಗಿರಬಹುದು. ಆ ಅಂಕಿಗಳನ್ನು ನಂಬಿ ಹಾಸಿಗೆ ಕೊಳ್ಳಬೇಡಿ.

ನಡುಹದ ಏಕೆ ಗೆದ್ದಿತು ಎಂಬುದು ಗೊತ್ತಾಗಬೇಕಾದರೆ ಮೈಯ ಆಕಾರ ನೋಡಬೇಕು. ಮೈ ನೆಟ್ಟನೆಯ ಕೋಲಲ್ಲ. ಅಂಗಾತ ಮಲಗಿದರೆ ತಲೆಯ ಹಿಂಭಾಗ, ಹೆಗಲಹಲಗೆ, ಕುಂಡೆ, ಹಿಮ್ಮಡಿ ಇವು ಮೊದಲು ತಾಗುತ್ತವೆ. ಕತ್ತು, ಸೊಂಟದ ಹಿಂಭಾಗ, ಮೊಣಕಾಲಿನ ಸಂದಿ ಗಾಳಿಯಲ್ಲಿ ಉಳಿಯುತ್ತವೆ. ಮಗ್ಗುಲಾದರೆ ಇಡೀ ತೂಕ ಹೆಗಲಿನ ತುದಿ ಮತ್ತು ಟೊಂಕದ, ಅಂದರೆ ತೊಡೆ ಸೇರುವಲ್ಲಿನ, ಮೂಳೆಯ ಮೇಲೆ ಬೀಳುತ್ತದೆ, ನಡುವೆ ಸೊಂಟದ ಹಳ್ಳ. ಈಗ ಹಲಗೆಯ ಮೇಲೆ ಹೀಗೆ ಮಲಗಿ. ಉಬ್ಬಿದ ಮೂಳೆಗಳು ನಜ್ಜುಗುಜ್ಜು, ಹಳ್ಳಗಳಿಗೆ ಆಸರೆಯೇ ಇಲ್ಲ. ಅತಿ ಮೆತ್ತನೆಯದರ ಮೇಲೆ ಮಲಗಿ. ಎಲ್ಲಕ್ಕಿಂತ ಭಾರವಾದ ಟೊಂಕ ಮೊದಲು ಮುಳುಗುತ್ತದೆ, ಬೆನ್ನುಮೂಳೆ ಜೋಲಿಯ ಹಾಗೆ ಬಾಗುತ್ತದೆ. ಎರಡರಲ್ಲೂ ಬೆನ್ನಿನ ಸ್ನಾಯುಗಳಿಗೆ ರಾತ್ರಿಪಾಳಿ ತಪ್ಪಿದ್ದಲ್ಲ.

ಆದ್ದರಿಂದ ಗಟ್ಟಿಯೋ ಮೆತ್ತಗೋ ಎಂಬ ಪ್ರಶ್ನೆಯೇ ಸರಿಯಲ್ಲ. ಉಬ್ಬು ಇರುವಲ್ಲಿ ಹಾಸಿಗೆ ತಗ್ಗಬೇಕು, ಹಳ್ಳ ಇರುವಲ್ಲಿ ಎದ್ದು ತಡೆಯಬೇಕು. ಇನ್ನೂ ಒಂದು ಗುಣ ಬೇಕು. ಒದ್ದೆ ಮರಳಿನ ಮೇಲೆ ಮಲಗಿ ಎದ್ದರೆ ನಿಮ್ಮ ಅಚ್ಚು ಅಲ್ಲೇ ಉಳಿಯುತ್ತದಲ್ಲ? ಮಗ್ಗುಲು ಬದಲಿಸಿದರೆ ಹಳೆಯ ಗುಂಡಿಯ ಅಂಚು ಹೊಸದಾಗಿ ಚುಚ್ಚುತ್ತದೆ. ರಾತ್ರಿಯಲ್ಲಿ ನಾವು ನಮಗೆ ಗೊತ್ತಿಲ್ಲದೆ ಹತ್ತಾರು ಸಲ ಹೊರಳುತ್ತೇವೆ, ಹೊರಳಲೂ ಬೇಕು, ಒಂದೇ ಕಡೆ ಒತ್ತಿದ ಚರ್ಮಕ್ಕೆ ರಕ್ತ ಬರುವುದು ಹಾಗೆಯೇ. ಹಾಸಿಗೆ ಪ್ರತಿ ಸಲವೂ ಎದ್ದು ಬರಬೇಕು. ತಗ್ಗು, ತಡೆ, ಮರಳಿ ಏಳು, ಈ ಮೂರು.

ಬೆನ್ನುಮೂಳೆಗೆ ರಾತ್ರಿ ಎಂದರೆ ಬರೀ ವಿಶ್ರಾಂತಿಯಲ್ಲ. ಎರಡೆರಡು ಮಣಿಗಳ ನಡುವೆ ಇರುವ ಡಿಸ್ಕುಗಳಿಗೆ ದೊಡ್ಡವರಲ್ಲಿ ನೇರವಾಗಿ ರಕ್ತನಾಳಗಳ ಪೂರೈಕೆ ಇಲ್ಲವೆಂದೇ ಹೇಳಬಹುದು. ನೀರು, ಪೋಷಕಾಂಶ ಎಲ್ಲ ಸುತ್ತಲಿನಿಂದ ಜಿನುಗಿ ಬರಬೇಕು. ಹಗಲಿಡೀ ತೂಕ ಹೊತ್ತು ಡಿಸ್ಕುಗಳು ಸ್ವಲ್ಪ ಹಿಂಡಿಹೋಗುತ್ತವೆ, ರಾತ್ರಿ ಮಲಗಿದಾಗ ಮತ್ತೆ ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ಎದ್ದಾಗ ನೀವು ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುತ್ತೀರಿ. ನಂಬಿಕೆ ಇಲ್ಲದಿದ್ದರೆ ನಾಳೆ ಗೋಡೆಗೆ ಗೀಟು ಎಳೆದು ನೋಡಿ. ಮಕ್ಕಳಿರುವ ಮನೆಯಲ್ಲಿ ಒಳ್ಳೆಯ ಆಟ.

ಇನ್ನು ನಿಮ್ಮದೇ ಮೈಗೆ ಬರೋಣ. ಮಗ್ಗುಲಾಗಿ ಮಲಗುವವರಿಗೆ ಮೇಲಿನ ಪದರ ಮೆತ್ತಗಿದ್ದು, ಹೆಗಲು ಇಳಿಯಲು ಜಾಗ ಇರಬೇಕು. ಅಂಗಾತ ಮಲಗುವವರಿಗೆ ನಡುಹದ, ಬೇಕಿದ್ದರೆ ಸ್ವಲ್ಪ ಗಟ್ಟಿ. ಬೋರಲು ಮಲಗುವವರಿಗೆ ಗಟ್ಟಿಯೇ ಬೇಕು, ಇಲ್ಲದಿದ್ದರೆ ಹೊಟ್ಟೆ ಮುಳುಗಿ ಸೊಂಟ ಹಿಂದಕ್ಕೆ ಬಾಗುತ್ತದೆ. ಬೋರಲು ಮಲಗಿದರೆ ಉಸಿರಾಡಲು ಕತ್ತನ್ನು ಪಕ್ಕಕ್ಕೆ ತಿರುಚಿಯೇ ಇಡಬೇಕಲ್ಲ, ಅದಕ್ಕೆ ಯಾವ ಹಾಸಿಗೆಯೂ ಪರಿಹಾರವಲ್ಲ.

ಇದಕ್ಕಿಂತ ಮುಖ್ಯವಾದದ್ದು ತೂಕ. ಅದನ್ನು ಯಾರೂ ಕೇಳುವುದಿಲ್ಲ. 50 ಕಿಲೋದವರು ಮತ್ತು 90 ಕಿಲೋದವರು ಒಂದೇ ಹಾಸಿಗೆಯ ಮೇಲೆ ಮಲಗಿದರೆ ಅದು ಇಬ್ಬರಿಗೂ ಒಂದೇ ಹಾಸಿಗೆಯಲ್ಲ. ಹಗುರ ಮೈಯವರು ಮೇಲಿನ ಪದರವನ್ನೂ ಪೂರ್ತಿ ಒತ್ತಲಾರರು, ಅವರಿಗೆ ಗಟ್ಟಿ ಅನ್ನಿಸುತ್ತದೆ. ಭಾರದವರು ಅದೇ ಪದರವನ್ನು ದಾಟಿ ಕೆಳಗಿನ ತಿರುಳಿನವರೆಗೆ ಇಳಿದಿರುತ್ತಾರೆ, ಅವರಿಗೆ ಮೆತ್ತಗೆ. ಆದ್ದರಿಂದ "ನಮ್ಮ ಭಾವ ತಗೊಂಡಿದ್ದಾರೆ, ಬಹಳ ಚೆನ್ನಾಗಿದೆಯಂತೆ" ಎಂಬ ಶಿಫಾರಸಿಗೆ ನಾನು ಕೇಳುವುದು ಒಂದೇ ಮಾತು: ಭಾವನ ತೂಕ ಎಷ್ಟು? ಇಂಟರ್‌ನೆಟ್ಟಿನ ಐದು ನಕ್ಷತ್ರಗಳಿಗೂ ಇದೇ ಪ್ರಶ್ನೆ.

ಹಾಸಿಗೆಯ ಹೊಟ್ಟೆಯೊಳಗೆ ಏನಿದೆ ಎಂಬುದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡುತ್ತೇನೆ, ಮೋಸ ಹೋಗುವುದು ಇಲ್ಲೇ. ಇವತ್ತಿನ ಹೆಚ್ಚಿನ ಹಾಸಿಗೆಗಳಲ್ಲಿ ಎರಡು ಭಾಗ: ಮೇಲೆ ಮೈಗೆ ಹಿತ ಕೊಡುವ ಪದರ, ಕೆಳಗೆ ತೂಕ ಹೊರುವ ತಿರುಳು. ಅಂಗೈ ಒತ್ತಿದಾಗ ಗೊತ್ತಾಗುವುದು ಮೇಲಿನ ಎರಡು ಸೆಂಟಿಮೀಟರಿನ ಕಥೆ ಮಾತ್ರ. ಹಾಸಿಗೆಯ ಬಾಳಿಕೆ ಇರುವುದು ಕೆಳಗೆ.

ಸಾಧಾರಣ ಫೋಮ್ ಎಂದರೆ ಪಾಲಿಯುರೆಥೇನ್. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್ ಕಂಡುಹಿಡಿದ ರಸಾಯನದ ಸಂತತಿ. ಇದರ ವಿಷಯದಲ್ಲಿ ಎರಡು ಪದಗಳನ್ನು ಜನ ಕಲಸಿಬಿಡುತ್ತಾರೆ: ಸಾಂದ್ರತೆ ಮತ್ತು ಗಡುಸು. ಸಾಂದ್ರತೆ ಎಂದರೆ ಒಂದು ಘನಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದು. ಗಡುಸು ಎಂದರೆ ಒಂದು ಗುಂಡು ಫಲಕವನ್ನು ಫೋಮಿನೊಳಗೆ ಅದರ ದಪ್ಪದ ಕಾಲುಭಾಗದಷ್ಟು ಒತ್ತಲು ಎಷ್ಟು ಬಲ ಬೇಕು ಎಂಬುದು. ಇವೆರಡಕ್ಕೂ ನೇರ ಸಂಬಂಧ ಇಲ್ಲ. ಹಗುರವಾದ, ಅಂದರೆ ಗಾಳಿಯೇ ಹೆಚ್ಚಿರುವ ಫೋಮನ್ನೂ ರಸಾಯನದ ಚಳಕದಿಂದ ಗಡುಸಾಗಿ ಮಾಡಬಹುದು. ಅಂಗಡಿಯಲ್ಲಿ ಒತ್ತಿದಾಗ "ಆಹಾ, ಗಟ್ಟಿಮುಟ್ಟಾಗಿದೆ" ಅನ್ನಿಸುತ್ತದೆ. ಒಂದೆರಡು ವರ್ಷಕ್ಕೆ ಟೊಂಕದ ಜಾಗದಲ್ಲಿ ಕುಸಿಯುತ್ತದೆ. ಗಡುಸು ಇವತ್ತಿನ ಹಿತಕ್ಕೆ, ಸಾಂದ್ರತೆ ನಾಳಿನ ಬಾಳಿಕೆಗೆ. ದಿನವೂ ದೊಡ್ಡವರು ಮಲಗುವ ಹಾಸಿಗೆಯ ತಿರುಳಿಗೆ ಘನಮೀಟರಿಗೆ 30 ಕಿಲೋಗಿಂತ ಕಡಿಮೆಯದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೈ ಭಾರವಿದ್ದರೆ ಇನ್ನೂ ಹೆಚ್ಚು ಬೇಕು. ಮೆಮೊರಿ ಫೋಮಾದರೆ 50ರ ಆಸುಪಾಸು.

ಹೇಳಿದ ಸಾಂದ್ರತೆ ನಿಜವೋ ಸುಳ್ಳೋ ತಿಳಿಯುವುದು ಹೇಗೆ? ತಕ್ಕಡಿ ಇದೆಯಲ್ಲ! ಪೂರ್ತಿ ಒಂದೇ ಫೋಮಿನ ಹಾಸಿಗೆ, ಉದ್ದ 190, ಅಗಲ 90, ದಪ್ಪ 15 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ. 1.9, 0.9, 0.15, ಈ ಮೂರನ್ನು ಗುಣಿಸಿದರೆ ಕಾಲು ಘನಮೀಟರಿಗಿಂತ ಚೂರು ಜಾಸ್ತಿ. 32ರ ಸಾಂದ್ರತೆ ನಿಜವಾಗಿದ್ದರೆ ಗವಸು ಬಿಟ್ಟು ಎಂಟು ಕಿಲೋ ಮೇಲೆ ತೂಗಬೇಕು. ಐದು ಕಿಲೋ ತೂಗಿದರೆ ಉಳಿದ ಮೂರು ಕಿಲೋ ಎಲ್ಲಿ ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ. ಈ ಲೆಕ್ಕ ಹೇಳಿದ್ದಕ್ಕೆ ಒಬ್ಬ ಮಾರಾಟಗಾರರು ನನ್ನ ಮೇಲೆ ಮುನಿಸಿಕೊಂಡದ್ದೂ ಉಂಟು.

ಮೆಮೊರಿ ಫೋಮ್ ಹುಟ್ಟಿದ್ದು ಮಲಗುವುದಕ್ಕಲ್ಲ. 1966ರಲ್ಲಿ ಅಮೆರಿಕದ ನಾಸಾ ಸಂಸ್ಥೆಗಾಗಿ ಚಾರ್ಲ್ಸ್ ಯೋಸ್ಟ್ ಎಂಬ ಎಂಜಿನಿಯರ್ ವಿಮಾನದ ಆಸನಕ್ಕೆಂದು ಮಾಡಿದ ವಸ್ತು ಅದು, ಅಪಘಾತದ ಹೊಡೆತ ಹೀರಲಿ ಎಂದು. ಬಿಸಿ ತಾಗಿದರೆ ಮೆತ್ತಗಾಗುತ್ತದೆ, ತಣ್ಣಗಾದರೆ ಬಿಗಿಯುತ್ತದೆ, ಒತ್ತಿದರೆ ನಿಧಾನಕ್ಕೆ ಏಳುತ್ತದೆ. ಮೂಳೆ ಒತ್ತುವ ನೋವಿನವರಿಗೆ, ಮಗ್ಗುಲಾಗಿ ಮಲಗುವವರಿಗೆ ಇದು ಹಿತ. ಆದರೆ ಮೈ ಅದರಲ್ಲಿ ಹುದುಗಿಕೊಳ್ಳುವುದರಿಂದ ಸೆಕೆ ಹೆಚ್ಚು, ಹೊರಳಲು ಸ್ವಲ್ಪ ಪ್ರಯಾಸ. ನಿದ್ದೆ ಹತ್ತಬೇಕಾದರೆ ಮೈಯೊಳಗಿನ ಉಷ್ಣತೆ ಒಂದಷ್ಟು ಇಳಿಯಬೇಕು, ಚರ್ಮ ಆ ಬಿಸಿಯನ್ನು ಹೊರಕ್ಕೆ ಬಿಡಬೇಕು. ಬಿಸಿ ಹಿಡಿದಿಡುವ ಹಾಸಿಗೆ ಇದಕ್ಕೆ ಅಡ್ಡಗಾಲು. 'ಕೂಲಿಂಗ್ ಜೆಲ್' ಎಂದು ಮಾರುತ್ತಾರಲ್ಲ, ಅದು ಮೊದಲು ತಣ್ಣಗೆ ತಾಗುವುದು ನಿಜ. ಜೆಲ್ ತಾನೇ ಬಿಸಿಯಾದ ಮೇಲೆ ಆ ಬಿಸಿ ಹೋಗಲು ದಾರಿ ಬೇಕಷ್ಟೆ. ಸೆಕೆಯ ಮೈಯವರಿಗೆ ಗಾಳಿ ಆಡುವ ಸ್ಪ್ರಿಂಗ್ ಅಥವಾ ಲೇಟೆಕ್ಸ್ ವಾಸಿ.

ಲೇಟೆಕ್ಸ್ ನನಗೆ ವೈಯಕ್ತಿಕವಾಗಿ ಇಷ್ಟ. ರಬ್ಬರ್ ಮರದ ಹಾಲನ್ನು ನೊರೆ ಬರುವಂತೆ ಕಡೆದು, ಅಚ್ಚಿನಲ್ಲಿ ಬೇಯಿಸಿದ್ದು. 1929ರಲ್ಲಿ ಡನ್ಲಪ್ ಕಂಪನಿಯ ಮರ್ಫಿ ಎಂಬ ವಿಜ್ಞಾನಿ ಅಡುಗೆಮನೆಯ ಕಡೆಯುವ ಯಂತ್ರದಿಂದಲೇ ಇದನ್ನು ಮೊದಲು ಮಾಡಿದರಂತೆ. ತಗ್ಗುತ್ತದೆ, ತಕ್ಷಣ ಎದ್ದುಬರುತ್ತದೆ, ಬಾಳಿಕೆ ಚೆನ್ನಾಗಿದೆ. ಭಾರ ಮಾತ್ರ ಕಲ್ಲಿನಷ್ಟು, ಗುಡಿಸಲೆಂದು ಎತ್ತಲು ಇಬ್ಬರು ಬೇಕು. 'ನ್ಯಾಚುರಲ್' ಎಂದು ಬರೆದಿದ್ದರೆ ಎಷ್ಟು ಪಾಲು ಮರದ ಹಾಲು, ಎಷ್ಟು ಪಾಲು ಕೃತಕ ಎಂದು ಕೇಳಿ. ರಬ್ಬರಿಗೆ ಅಲರ್ಜಿ ಇರುವವರು ವೈದ್ಯರನ್ನು ಕೇಳದೆ ಇದರ ಕಡೆ ಹೋಗಬೇಡಿ.

ಸ್ಪ್ರಿಂಗಿನಲ್ಲಿ ಎರಡು ಜಾತಿ. ಒಂದಕ್ಕೊಂದು ತಂತಿಯಿಂದ ಹೆಣೆದ ಬಾನೆಲ್ ಸ್ಪ್ರಿಂಗ್, ಮತ್ತು ಪ್ರತಿಯೊಂದನ್ನೂ ಬೇರೆ ಬೇರೆ ಬಟ್ಟೆಯ ಚೀಲದಲ್ಲಿ ಹೊಲಿದ ಪಾಕೆಟ್ ಸ್ಪ್ರಿಂಗ್. ಹೆಣೆದದ್ದರಲ್ಲಿ ಒಬ್ಬರು ಹೊರಳಿದರೆ ಇನ್ನೊಬ್ಬರು ದೋಣಿಯಲ್ಲಿದ್ದ ಹಾಗೆ. ಚೀಲದ್ದರಲ್ಲಿ ಒತ್ತಿದ ಕಡೆ ಮಾತ್ರ ತಗ್ಗುತ್ತದೆ. ಸ್ಪ್ರಿಂಗುಗಳ ಸಂಖ್ಯೆಗೆ ಮರುಳಾಗಬೇಡಿ, ತಂತಿ ಎಷ್ಟು ದಪ್ಪ ಎಂಬುದೂ ಅಷ್ಟೇ ಮುಖ್ಯ. ತಂತಿಯ ದಪ್ಪ ಹೇಳುವ ಗೇಜ್ ಅಂಕಿ ದೊಡ್ಡದಾದಷ್ಟೂ ತಂತಿ ತೆಳ್ಳಗೆ, ಇದೂ ಒಂದು ಉಲ್ಟಾ ಲೆಕ್ಕ.

ತೆಂಗಿನ ನಾರಿಗೆ ರಬ್ಬರ್ ಹಾಲು ಹಾಕಿ ಬಿಗಿದ ಕಾಯರ್ ಹಾಸಿಗೆಯಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಗಟ್ಟಿ ಇರುತ್ತದೆ. ಬರೀ ಅದರ ಮೇಲೆ ಮಗ್ಗುಲಾಗಿ ಮಲಗುವವರಿಗೆ ಒಂದು ಮೆತ್ತನೆಯ ಮೇಲುಪದರ ಬೇಕು. ಹತ್ತಿಯ ಹಾಸಿಗೆಯನ್ನು ಹಳತೆಂದು ತಳ್ಳಬೇಕಿಲ್ಲ. ಬಿಸಿಲಿಗೆ ಹಾಕುವ, ಆಗಾಗ ಹಿಂಜಿಸುವ ಶ್ರದ್ಧೆ ಇದ್ದರೆ ಸರಿ. ಇಲ್ಲದಿದ್ದರೆ ಅದು ಗಂಟು ಗಂಟು.

'ಆರ್ಥೋಪೆಡಿಕ್' ಎಂಬ ಪಟ್ಟಿಯ ಬಗ್ಗೆ ಒಂದೇ ಮಾತು. ಹಾಸಿಗೆಯ ಲೋಕದಲ್ಲಿ ಆ ಪದಕ್ಕೆ ಎಲ್ಲರೂ ಒಪ್ಪಿದ ಅಳತೆ ಯಾವುದೂ ಇಲ್ಲ. ಗಟ್ಟಿಯಾಗಿದೆ ಎಂಬುದರ ಸಭ್ಯ ಹೆಸರು, ಅಷ್ಟೆ. ಓಕೋ-ಟೆಕ್ಸ್, ಸರ್ಟಿಪುರ್ ಮೊದಲಾದ ಮುದ್ರೆಗಳು ಬೇರೆ. ಅವು ಬಟ್ಟೆ, ಫೋಮಿನಲ್ಲಿ ಹಾನಿಕಾರಕ ರಸಾಯನಗಳ ಪರೀಕ್ಷೆಯಾಗಿದೆ ಎಂದು ಹೇಳುತ್ತವೆ, ನಿಮ್ಮ ಸೊಂಟಕ್ಕೆ ಹಿತವೇ ಎಂದು ಹೇಳುವುದಿಲ್ಲ. ಹೊಸ ಫೋಮಿನ ವಾಸನೆ ಬಂದರೆ ಕಿಟಕಿ ತೆರೆದು ಕೆಲವು ದಿನ ಗಾಳಿಗೆ ಬಿಡಿ. ಒಳಗವಸನ್ನು ಬಿಚ್ಚಿ ತೊಳೆಯುವ ಮುಂಚೆ ಪಟ್ಟಿ ಓದಿ. ಕೆಲವದರಲ್ಲಿ ಬೆಂಕಿ ಹತ್ತದಿರಲೆಂದು ಗಾಜಿನ ನಾರು ಇಟ್ಟಿರುತ್ತಾರೆ, ಬಿಚ್ಚಿದರೆ ಮನೆಯೆಲ್ಲ ಹರಡುತ್ತದೆ.

ಅಂಗಡಿಗೆ ಹೋದಾಗ ಏನು ಮಾಡಬೇಕು? ನಾಚಿಕೆ ಬಿಡಬೇಕು, ಅದೇ ಮೊದಲ ಕೆಲಸ. ಚಪ್ಪಲಿ ಬಿಚ್ಚಿ, ಜೇಬಿನ ಫೋನು, ಬೀಗದ ಕೈ ಎಲ್ಲ ತೆಗೆದಿಟ್ಟು, ನೀವು ಮನೆಯಲ್ಲಿ ಮಲಗುವ ಭಂಗಿಯಲ್ಲೇ ಮಲಗಿ. ಹತ್ತು ಹದಿನೈದು ನಿಮಿಷ. ಮೊದಲ ಎರಡು ನಿಮಿಷ ಎಲ್ಲ ಹಾಸಿಗೆಯೂ ಸ್ವರ್ಗವೇ, ಅದರಲ್ಲೂ ದಣಿದು ಹೋಗಿದ್ದರೆ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಅಂಗೈ ತೂರಿಸಿ. ಸಲೀಸಾಗಿ ಆಚೆಯಿಂದ ಈಚೆ ಹೋದರೆ ಹಾಸಿಗೆ ನಿಮಗೆ ಗಟ್ಟಿಯಾಯಿತು. ತೂರಿಸಲೇ ಆಗದಿದ್ದರೆ ಮೆತ್ತಗಾಯಿತು. ಸ್ವಲ್ಪ ತಡೆ ಕೊಟ್ಟು ಒಳಗೆ ಹೋದರೆ ಹದ. ಮಗ್ಗುಲಾದಾಗ ಜೊತೆಗೆ ಬಂದವರಿಗೆ ಹಿಂದಿನಿಂದ ಒಂದು ಫೋಟೋ ತೆಗೆಯಲು ಹೇಳಿ. ಕತ್ತಿನಿಂದ ಬೆನ್ನಿನ ತುದಿಯವರೆಗಿನ ಗೆರೆ ನೆಲಕ್ಕೆ ಸಮನಾಗಿ ಹೋಗಬೇಕು. ಟೊಂಕ ಇಳಿದು ಗೆರೆ ಬಿಲ್ಲಾಗಿದ್ದರೆ ಮೆತ್ತಗೆ, ಹೆಗಲು ಕಿವಿಯ ಕಡೆಗೆ ತಳ್ಳಿಕೊಂಡಿದ್ದರೆ ಗಟ್ಟಿ. ಆಮೇಲೆ ಹೊರಳಿ ನೋಡಿ. ಅಂಚಿನಲ್ಲಿ ಕೂತು ಎದ್ದು ನೋಡಿ, ಮನೆಯಲ್ಲಿ ವಯಸ್ಸಾದವರಿದ್ದರೆ ಅಂಚು ಕುಸಿಯುವ ಹಾಸಿಗೆ ಬೀಳಿಸುತ್ತದೆ. ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಬೇಕು. ಮಂಚದ ಎತ್ತರ ಮತ್ತು ಹಾಸಿಗೆಯ ದಪ್ಪ ಎರಡೂ ಸೇರಿಸಿ ಲೆಕ್ಕ ಹಾಕಿ.

ಹೊಸ ಹಾಸಿಗೆಗೆ ಮೈ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು. ಹಾಗಾಗಿ ಪ್ರಯೋಗದ ಅವಧಿ ಕೊಡುವವರ ಬಳಿ ಕೊಳ್ಳುವುದು ಲೇಸು. ವಾಪಸ್ ಕೊಡುವಾಗ ಸಾಗಣೆಯ ಖರ್ಚು ಯಾರದು ಎಂಬುದನ್ನು ಮೊದಲೇ ಕೇಳಿ ಇಟ್ಟುಕೊಳ್ಳಿ.

"ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆ ಖರ್ಚಿನ ವಿಷಯಕ್ಕೆ ಸರಿ, ಹಾಸಿಗೆಯ ವಿಷಯಕ್ಕೇ ತಪ್ಪು. ಕಾಲು ಚಾಚಿ ಮಲಗಿದಾಗ ಮೈ ಎಷ್ಟು ಉದ್ದವೋ ಅದಕ್ಕಿಂತ ಹತ್ತು ಹದಿನೈದು ಸೆಂಟಿಮೀಟರ್ ಹೆಚ್ಚು ಉದ್ದದ ಹಾಸಿಗೆ ಬೇಕು. ಅಗಲವನ್ನಂತೂ ಜನ ಮರೆತೇಬಿಡುತ್ತಾರೆ. 135 ಸೆಂಟಿಮೀಟರಿನ ಜೋಡಿ ಹಾಸಿಗೆಯಲ್ಲಿ ಒಬ್ಬರಿಗೆ ಸಿಗುವುದು 67 ಚಿಲ್ಲರೆ. ಹಸುಗೂಸಿನ ತೊಟ್ಟಿಲುಮಂಚದ ಅಗಲವೂ ಹೆಚ್ಚುಕಡಿಮೆ ಅಷ್ಟೇ! ಇನ್ನು 'ಕಿಂಗ್' ಎಂಬ ಹೆಸರನ್ನೂ ನಂಬಬೇಡಿ. ಬ್ರಿಟನ್ನಿನ ಕಿಂಗ್ 150 ಸೆಂಟಿಮೀಟರ್ ಅಗಲ, ಅಮೆರಿಕದ ಕಿಂಗ್ 193. ರಾಜರಲ್ಲೂ ಸಣ್ಣವರು ದೊಡ್ಡವರು ಇದ್ದಾರೆ, ಟೇಪು ಹಿಡಿದು ಮಂಚವನ್ನು ಅಳೆಯಿರಿ.

ಮಂಚದ ಬಗ್ಗೆ ಚಿಕ್ಕ ಮಾತು. ಪಟ್ಟಿಗಳ ಮಂಚವಾದರೆ ಪಟ್ಟಿಗಳ ನಡುವಿನ ಸಂದು ಏಳೆಂಟು ಸೆಂಟಿಮೀಟರ್ ಮೀರಬಾರದು, ಮೀರಿದರೆ ಫೋಮ್ ಅದರೊಳಗೆ ಇಳಿಯುತ್ತದೆ. ಕುಸಿದ ಮಂಚದ ಮೇಲೆ ಹೊಸ ಹಾಸಿಗೆ ಹಾಕಿ "ಇದೂ ಸರಿಯಿಲ್ಲ" ಎನ್ನುವವರನ್ನು ನೋಡಿದ್ದೇನೆ.

ದಿಂಬನ್ನು ಹಾಸಿಗೆಯಿಂದ ಬೇರೆ ಮಾಡಿ ಯೋಚಿಸಲಾಗದು. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನ ಕಥೆ ನಿಮಗೆ ಗೊತ್ತೇ ಇದೆ. ಮೈಯೆಲ್ಲ ಬಾಣಗಳ ಮೇಲೆ, ತಲೆ ಮಾತ್ರ ಜೋತುಬಿದ್ದಿತ್ತು. ದಿಂಬು ಬೇಕು ಅಂದ. ರಾಜರೆಲ್ಲ ಮೆತ್ತನೆಯ ದಿಂಬು ಹೊತ್ತು ಓಡಿಬಂದರು. ಭೀಷ್ಮ ನಕ್ಕು, ಈ ಹಾಸಿಗೆಗೆ ಇವು ತಕ್ಕ ದಿಂಬಲ್ಲ ಅಂದ. ಕೊನೆಗೆ ಅರ್ಜುನ ಮೂರು ಬಾಣ ನೆಟ್ಟು ತಲೆಗೆ ಆಸರೆ ಮಾಡಿದ. ವೀರನ ಮಾತು ಬೇರೆ ಅರ್ಥದ್ದು, ಒಪ್ಪುತ್ತೇನೆ. ಆದರೆ ಫಿಸಿಯೋಥೆರಪಿಸ್ಟಿನ ಕಿವಿಗೆ ಅದು ಶುದ್ಧ ವೈದ್ಯಕೀಯ. ಹಾಸಿಗೆ ಬದಲಾದರೆ ದಿಂಬಿನ ಎತ್ತರವೂ ಬದಲಾಗಬೇಕು. ಗಟ್ಟಿ ಹಾಸಿಗೆಯಲ್ಲಿ ಹೆಗಲು ಇಳಿಯುವುದಿಲ್ಲ, ಆದ್ದರಿಂದ ಮಗ್ಗುಲಾಗಿ ಮಲಗುವವರಿಗೆ ಎತ್ತರದ ದಿಂಬು ಬೇಕು. ಮೆತ್ತನೆಯದರಲ್ಲಿ ಹೆಗಲು ಇಳಿಯುತ್ತದೆ, ಹಳೆಯ ದಿಂಬೇ ಕತ್ತನ್ನು ಮೇಲಕ್ಕೆ ಬಗ್ಗಿಸುತ್ತದೆ. ಹೊಸ ಹಾಸಿಗೆ ಬಂದು ಕತ್ತು ನೋವು ಶುರುವಾಯಿತು ಎನ್ನುವವರಲ್ಲಿ ಬಹಳ ಮಂದಿಯ ತೊಂದರೆ ಇದೇ.

ಹಸುಗೂಸುಗಳ ವಿಷಯದಲ್ಲಿ ಮಾತ್ರ ಹದ, ಹಿತ ಎಂಬ ಮಾತೇ ಇಲ್ಲ. ಒಂದು ವರ್ಷದೊಳಗಿನ ಮಗುವಿಗೆ ಸಮತಟ್ಟಾದ ಗಟ್ಟಿ ಹಾಸಿಗೆ, ಬಿಗಿಯಾಗಿ ಹಾಸಿದ ಒಂದು ಬಟ್ಟೆ, ದಿಂಬಿಲ್ಲ, ಮೆತ್ತನೆಯ ಗೊಂಬೆ ಇಲ್ಲ, ಅಂಗಾತ ಮಲಗಿಸುವುದು. ಮೆತ್ತನೆಯದರಲ್ಲಿ ಮುಖ ಹುದುಗಿದರೆ ಮಗು ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ, ತಲೆ ಎತ್ತುವ ಶಕ್ತಿ ಅದಕ್ಕಿಲ್ಲ. 1994ರಲ್ಲಿ ಅಮೆರಿಕದಲ್ಲಿ ಮಕ್ಕಳನ್ನು ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾದ ಮೇಲಿನ ವರ್ಷಗಳಲ್ಲಿ ತೊಟ್ಟಿಲಿನ ಹಠಾತ್ ಸಾವುಗಳು ಸುಮಾರು ಅರ್ಧಕ್ಕೆ ಇಳಿದವು. ಇದರಲ್ಲಿ ರಾಜಿ ಬೇಡ.

ಧೂಳಿನ ಹುಳುಗಳ ಬಗ್ಗೆ ಹೆದರಿಸುವವರು ಬಹಳ. ಕಣ್ಣಿಗೆ ಕಾಣದಷ್ಟು ಸಣ್ಣವು, ನಮ್ಮ ಚರ್ಮದ ಹೊಟ್ಟು ತಿಂದು ಬದುಕುತ್ತವೆ. ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರುತ್ತವೆ. ಹಾಗಾಗಿ ಒಣಗಿಸುವುದೇ ಅವಕ್ಕೆ ಶತ್ರು. ಎದ್ದ ಕೂಡಲೇ ಹಾಸಿಗೆಯನ್ನು ಮುಚ್ಚಿ ಅಂದ ಮಾಡಬೇಡಿ, ಸ್ವಲ್ಪ ಹೊತ್ತು ಗಾಳಿಗೆ ಬಿಡಿ. ಮೇಲುಹಾಸನ್ನು 60 ಡಿಗ್ರಿ ಬಿಸಿನೀರಿನಲ್ಲಿ ತೊಳೆದರೆ ಹುಳು ಸಾಯುತ್ತದೆ. ಉಬ್ಬಸ, ಅಲರ್ಜಿ ಇರುವವರು ಇದನ್ನು ನಿಷ್ಠೆಯಿಂದ ಮಾಡಿ, ಉಳಿದವರು ಭಯ ಬೀಳಬೇಡಿ.

ಹಾಸಿಗೆ ಎಷ್ಟು ವರ್ಷಕ್ಕೆ ಬದಲಿಸಬೇಕು ಎಂಬುದಕ್ಕೆ ಪಂಚಾಂಗ ನೋಡಬೇಡಿ, ದಾರ ಹಿಡಿಯಿರಿ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ದಾರ ಬಿಗಿದು, ಟೊಂಕ ಬರುವ ಜಾಗದಲ್ಲಿ ದಾರದಿಂದ ಹಾಸಿಗೆಗೆ ಎಷ್ಟು ಆಳ ಎಂದು ಅಳೆಯಿರಿ. ಮೂರು ಸೆಂಟಿಮೀಟರಿನ ಆಸುಪಾಸು ಗುಂಡಿ ಬಿದ್ದಿದ್ದರೆ ಅದರ ಕೆಲಸ ಮುಗಿಯಿತು. ವಾರಂಟಿ ಕಾಗದದಲ್ಲೂ ಹೀಗೇ ಒಂದು ಆಳ ಬರೆದಿರುತ್ತಾರೆ, ಓದಿ. ಹಳೆಯದನ್ನು ಬಿಡಲು ನಮಗೆ ಮನಸ್ಸು ಬರುವುದಿಲ್ಲ. ದಕ್ಷಿಣ ಆಫ್ರಿಕಾದ ಸಿಬುಡು ಎಂಬ ಕಲ್ಲಾಸರೆಯಲ್ಲಿ 77,000 ವರ್ಷ ಹಳೆಯ ಹಾಸಿಗೆ ಸಿಕ್ಕಿದೆ, 2011ರಲ್ಲಿ ಪ್ರಕಟವಾದ ಸಂಗತಿ. ಜೊಂಡುಹುಲ್ಲು ಹಾಸಿ, ಮೇಲೆ ಕ್ರಿಮಿಗಳನ್ನು ದೂರ ಇಡುವ ಒಂದು ಮರದ ಎಲೆಗಳನ್ನು ಹರಡಿದ್ದರು. ಅಲ್ಲಿನ ಮುಂದಿನ ಕಾಲದ ಜನ ಹಳತಾದ ಹಾಸನ್ನು ಆಗಾಗ ಸುಟ್ಟು, ಆ ಜಾಗದ ಮೇಲೇ ಹೊಸತು ಹಾಸುತ್ತಿದ್ದರು. ಗುಹೆಯಲ್ಲಿದ್ದವರು ನಮಗಿಂತ ಬೇಗ ಹಾಸಿಗೆ ಬದಲಿಸಿದ್ದಾರೆ!

ಒಂದು ಎಚ್ಚರಿಕೆ ಹೇಳಿ ಪ್ರಶ್ನೆಗಳಿಗೆ ಬರುತ್ತೇನೆ. ಯಾವ ಭಂಗಿಯಲ್ಲೂ ಕಡಿಮೆಯಾಗದ ರಾತ್ರಿನೋವು, ಜೊತೆಗೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲಿನಲ್ಲಿ ಮರಗಟ್ಟುವುದು ಅಥವಾ ಶಕ್ತಿ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಇಂಥವು ಇದ್ದರೆ ಹಾಸಿಗೆ ಅಂಗಡಿಗಲ್ಲ, ವೈದ್ಯರ ಬಳಿ ಹೋಗಿ. ತಡ ಮಾಡಬೇಡಿ. ಇನ್ನು ಚಿಂತೆಯಿಂದ ಬಾರದ ನಿದ್ದೆಗೆ ಹಾಸಿಗೆ ಮದ್ದಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಹಿರಿಯರು ಸುಮ್ಮನೆ ಅಂದದ್ದಲ್ಲ.

ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ. ಹಿರಿಯರೊಬ್ಬರು, "ನಾನು ಅರವತ್ತು ವರ್ಷದಿಂದ ಚಾಪೆಯ ಮೇಲೆ ಮಲಗಿದ್ದೇನೆ, ಏನೂ ಆಗಿಲ್ಲ, ಇದೆಲ್ಲ ಯಾಕೆ ಬೇಕು?" ಎಂದರು. ನಿಮಗೆ ಏನೂ ಬೇಡ ಸರ್ ಅಂದೆ. ನೋವಿಲ್ಲದೆ ಏಳುತ್ತೀರಿ, ನೆಲದಿಂದ ತಾವೇ ಎದ್ದು ನಿಲ್ಲುತ್ತೀರಿ, ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಅದನ್ನು ಮಗ್ಗುಲಾಗಿ ಮಲಗುವ ನಿಮ್ಮ ಸೊಸೆಗೆ ಹೇರಬೇಡಿ, ಅಷ್ಟೆ.

ಕೊನೆಯ ಸಾಲಿನ ಒಬ್ಬ ಹುಡುಗಿ ಕೇಳಿದಳು: "ಸರ್, ಕೊನೆಗೆ ನಿಮ್ಮ ಮನೆಯಲ್ಲಿ ಯಾವ ಹಾಸಿಗೆ?" ಒಂದೇ ಮಂಚದ ಮೇಲೆ ಎರಡು ಬೇರೆ ಬೇರೆ ಒಂಟಿ ಹಾಸಿಗೆಗಳು. ನನ್ನ ಕಡೆ ನಡುಗಟ್ಟಿ, ಅವಳ ಕಡೆ ಮೆತ್ತನೆಯ ಮೇಲುಪದರದ ಲೇಟೆಕ್ಸ್. ಅವಳ ಹೆಗಲುನೋವು ಹೋಯಿತು. ಈಗಿರುವ ತಕರಾರು ನಡುವಿನ ಸಂದಿನದು. ನನ್ನ ಕನ್ನಡಕ ಪ್ರತಿ ರಾತ್ರಿ ಅದರೊಳಗೇ ಬೀಳುತ್ತದೆ.